ಕೈ ಎತ್ತದ ಹುಡುಗಿ

"ಹೆಂಗಸ್ರು ಹಾಡು ಹೇಳೂಕೆ ಬಂದವ್ರು, ಹಾಡು ಹೇಳಿ! ಪ್ರಶ್ನೆ ಎಂತಕ್ಕೆ ಕೇಳೂದು?"

ಅಣ್ಣಪ್ಪಗೌಡರು ಗದರಿದ್ದೇ ತಡ, ಕಾಯ್ಕಿಣಿಯ ಆ ಅಂಗಳದಲ್ಲಿ ಹೆಂಗಸರೆಲ್ಲ ಮತ್ತೆ ನೆಲಕ್ಕೆ ಕೂತರು! ಗೌಡರ ಕೈಯಲ್ಲಿ ಕೆಂಪು ಮುಂಡಾಸು. ಇವತ್ತು ಅದು ಮಗ ವಿನೋದನ ತಲೆಗೇರಬೇಕು. ಮದುವೆ, ಜಗಳ, ಗದ್ದೆಯ ನೀರು... ಕೇರಿಯ ತೀರ್ಮಾನವೆಲ್ಲ ಗೌಡನದು. ಅಪ್ಪನಾದ ಮೇಲೆ ಮಗ ಗೌಡ.

ದೀಕ್ಷಾ ಮಾತ್ರ ಕೂರಲಿಲ್ಲ. ಮುರ್ಡೇಶ್ವರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು ಅವಳು.

"ಮೊನ್ನೆ ಮಕ್ಕಳಿಗೆ ಹೇಳಿಕೊಟ್ಟೆ ಗೌಡ್ರೆ. ರಾಜನ್ನ ದೇವರು ಕಳಿಸಿದ್ದಲ್ಲ, ಜನ ಒಪ್ಪಿದ್ರೆ ಮಾತ್ರ ರಾಜ. ಹಂಗೆ ಕೇಳಿ ಕೇಳಿಯೇ ಫ್ರಾನ್ಸಿನವ್ರು ರಾಜನ್ನ ಇಳಿಸಿದ್ರು! ನಮ್ಮ ಒಪ್ಪಿಗೆ ಯಾರು ಕೇಳಿದ್ರು?"

"ಫ್ರಾನ್ಸಿನ ಬುದ್ಧಿ ಕಾಯ್ಕಿಣಿಗೆ ಎಂತಕ್ಕೆ ಮಾರಾಯ್ತಿ?"

"ಬುದ್ಧಿಗೆ ಊರು ಅಂತ ಉಂಟಾ?"

ವಿನೋದ ತಲೆ ತಗ್ಗಿಸಿ ಕೂತಿದ್ದ. ಅವಳ ಎದೆ ಉರಿಯಿತು. 'ಹುಟ್ಟಿನಿಂದ ಯಾರೂ ದೊಡ್ಡವರಲ್ಲ' ಎಂದು ಹೊನ್ನಾವರದ ಕಾಲೇಜಿನಲ್ಲಿ ಭಾಷಣ ಮಾಡಿ ಅವಳ ಮನಸ್ಸು ಗೆದ್ದವನು ಇವನೇ! ಮೊನ್ನೆ ಕುಮಟಾ ಬಸ್ಸಿನಲ್ಲಿ ಅವಳು "ಮುಂಡಾಸು ಬೇಡ ಅನ್ನು" ಎಂದಾಗ, "ನೋಡ್ವ" ಎಂದು ಕಿಟಕಿಯತ್ತ ತಿರುಗಿದ್ದ. ಆಮೇಲೆ ಅವಳು ಅವನ ಫೋನ್ ಎತ್ತಿರಲಿಲ್ಲ.

'ಇವನೂ ಅಷ್ಟೇನಾ...?'

ವಿನೋದ ಎದ್ದು ಅಪ್ಪನ ಕೈಯಿಂದ ಮುಂಡಾಸು ತೆಗೆದುಕೊಂಡ. ದೀಕ್ಷಾಳ ಕಣ್ಣು ತುಂಬಿತು.

ಅವನು ಅದನ್ನು ಗಂಡಸರ ಚಾಪೆಯ ಮೇಲಿಟ್ಟ!

"ಕೇಳದೆ ಕಟ್ಕಂಡ್ರೂ ತಪ್ಪು, ಕೇಳದೆ ಬಿಟ್ರೂ ತಪ್ಪು. ಎಲ್ಲರ ಎದುರಿಗೇ ಕೇಳ್ಬೇಕು ಅಂತ ಸುಮ್ಮನಿದ್ದೆ. ನಾ ಗೌಡ ಆಗೂದು ಬೇಕು ಅನ್ನವ್ರು ಕೈ ಎತ್ತಿ. ಹೆಂಗಸ್ರೂ!"

"ಕೆಡ್ತು ಎಲ್ಲ!" ಎಂದು ಅಣ್ಣಪ್ಪಗೌಡರು ಹಣೆ ಚಚ್ಚಿಕೊಂಡರು. ಆದರೂ ಒಂದೊಂದಾಗಿ ಕೈಗಳು ಎದ್ದವು... ದೀಕ್ಷಾಳ ಅಜ್ಜಿ ನಾಗಮ್ಮನದೂ.

ದೀಕ್ಷಾ ಕೈ ಕಟ್ಟಿ ನಿಂತೇ ಇದ್ದಳು.

"ನಿಂದು?" ವಿನೋದ ಅವಳತ್ತ ತಿರುಗಿದ.

"ಇಲ್ಲ. ಗೌಡನ ಜಾಗಕ್ಕೆ ಬೇರೆ ಮನೆಯವ್ರೂ ನಿಲ್ಲೂಕೆ ಆಗ್ಬೇಕು. ಹೆಂಗಸ್ರೂ! ಅಲ್ಲೀವರೆಗೆ ನನ್ನ ಕೈ ಏಳೂದಿಲ್ಲ."

"ಕಟ್ಕಳ್ಳೂ ಹುಡುಗನಿಗೇ ಬೇಡ ಅಂತೀಯಲೇ!" ಎಂದು ನಾಗಮ್ಮ ನಕ್ಕಳು.

ವಿನೋದ ಎಲ್ಲರಿಗೂ ಕೇಳುವಂತೆ ಹೇಳಿದ: "ಆತು. ನಂದು ಒಂದೇ ವರ್ಷ. ಮುಂದೆ ಯಾರು ಬೇಕಾದ್ರೂ ನಿಲ್ಲಿ!"

ಅಂಗಳದಲ್ಲಿ ಗುಜುಗುಜು ಎದ್ದಿತು. ಅದರ ನಡುವೆ ಅವನು ಅವಳ ಹತ್ತಿರ ಬಂದ.

"ಹಾಗಾರೆ... ನಾನೂ ಬೇಡನಾ?"

"ಗೌಡನಿಗೆ ಬೇಡ ಅಂದೆ, ಹುಚ್ಚಪ್ಪ. ವಿನೋದನಿಗಲ್ಲ!"

"ಬರೂ ವರ್ಷ ನೀನೇ ನಿಲ್ಲು. ಮೊದಲ ಕೈ ನಂದು."

"ಯೋಚಿಸಿ ಎತ್ತು... ನನ್ನ ಮುಖ ನೋಡಿ ಅಲ್ಲ."

ಅಷ್ಟರಲ್ಲಿ ನಾಗಮ್ಮ ಮೊಣಕಾಲು ಹಿಡಿದುಕೊಂಡು ಬಂದು, ಗಂಡಸರ ಚಾಪೆಯ ಮೇಲಿದ್ದ ಮುಂಡಾಸನ್ನು ತುಸು ಆಚೆ ಸರಿಸಿ ಅಲ್ಲೇ ಕುಳಿತಳು. ಎಲೆಯಡಿಕೆಯ ಕವಳದ ಸಂಚಿ ಬಿಚ್ಚಿದಳು.