ಅವಧಿ ಮುಗಿಯದ ಖಾತೆ

ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯ ಅಧೀಕ್ಷಕರು ಠಾಣೆಗೆ ಬಂದು ದೂರು ಕೊಟ್ಟರು. ರಕ್ತನಿಧಿಯ ಡೇಟಾಬೇಸ್ ಅಂದು ಮುಂಜಾನೆ ಸ್ತಬ್ಧವಾಗಿತ್ತು. ಹೊಂದುವ ರಕ್ತ ಎಲ್ಲಿದೆ ಎಂದು ಸಿಬ್ಬಂದಿ ಕೈಯಲ್ಲೇ ಹುಡುಕುವಷ್ಟರಲ್ಲಿ ಒಬ್ಬ ಬಾಣಂತಿಯ ಪ್ರಾಣ ಹೋಗಿತ್ತು. ಹೊರಗಿನವರ ದಾಳಿ ಎಂಬುದು ಅವರ ಅನುಮಾನ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಸರ್ವರ್ ಕೋಣೆಗೆ ಹೋದರು. ಡೇಟಾಬೇಸ್ ನೋಡಿಕೊಳ್ಳುವ ನರೆಗೂದಲ ಅಧಿಕಾರಿಗೆ ಅಲ್ಲಿ 'ಬೀಗದಣ್ಣ' ಎಂದೇ ಹೆಸರು.

"ಮೂರು ತಿಂಗಳಾದ್ರೆ ಹೊಸ ಪಾಸ್‌ವರ್ಡ್ ಇಡ್ಲೇಬೇಕು ಸಾರ್. ಅಂಕಿ ಬೇಕು, ಚಿಹ್ನೆ ಬೇಕು. ಸುಲಭದ್ದು ಇಟ್ರೆ ಇವರು ಜೀವ ತಿಂತಾರೆ," ಎಂದಳು ದಾರಿ ತೋರಿಸಲು ಬಂದಿದ್ದ ನರ್ಸ್.

ಠಾಣೆಯಲ್ಲಿ ತಮ್ಮ ಪಾಸ್‌ವರ್ಡ್ ಚೀಟಿ ಕೀಬೋರ್ಡಿನ ಅಡಿಯಲ್ಲಿರುವುದು ನೆನಪಾಗಿ ಇನ್‌ಸ್ಪೆಕ್ಟರ್ ಪೇದೆಯ ಕಡೆ ತಿರುಗಿದರು.

ಪೇದೆ ಯಾರು ಯಾವಾಗ ಒಳಬರಲು ನೋಡಿದರೆಂಬ ದಾಖಲೆ, ಲಾಗ್, ತೆಗೆಸಿದಳು. ಒಂದೇ ಖಾತೆಯ ಮೇಲೆ ತಪ್ಪು ಪಾಸ್‌ವರ್ಡ್‌ಗಳ ಸುರಿಮಳೆಯಾಗಿತ್ತು. ಅದರ ಭಾರಕ್ಕೇ ಡೇಟಾಬೇಸ್ ಉಸಿರು ಕಟ್ಟಿತ್ತು. ಮೂರು ಸಲ ತಪ್ಪಿದರೆ ಬೀಗ ಬೀಳಬೇಕಿತ್ತು. ಆ ಖಾತೆಗೆ ಮಾತ್ರ ಬೀಗವೂ ಇಲ್ಲ, ಅವಧಿಯೂ ಇಲ್ಲ. ಸುರಿಮಳೆ ಬಂದದ್ದು ಇದೇ ಕೋಣೆಯ ಕಂಪ್ಯೂಟರಿನಿಂದ.

"ನಿಯಮ ಸಡಿಲಿಸಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ."

"ಖಾತೆ ಯಾರದು?"

ಬೀಗದಣ್ಣ ಕನ್ನಡಕ ತೆಗೆದರು. "ನನ್ನ ಮಗಳದು. ಇಲ್ಲೇ ಲ್ಯಾಬಲ್ಲಿದ್ಲು. ಹೋದ ವರ್ಷ ರಸ್ತೆ ಅಪಘಾತದಲ್ಲಿ..."

"ಪಾಸ್‌ವರ್ಡ್ ಬೇಕಿದ್ರೆ ನೀವೇ ಬದಲಾಯಿಸಬಹುದಿತ್ತಲ್ಲ?"

"ಬದಲಾಯಿಸಿದ್ರೆ ಅವಳು ಇಟ್ಟಿದ್ದು ಅಳಿಸಿಹೋಗುತ್ತೆ ಸಾರ್. ಅದನ್ನ ಓದೋಕೂ ಬರಲ್ಲ, ಯಂತ್ರ ಅರೆದು ಪುಡಿ ಮಾಡಿ ಇಟ್ಕೊಂಡಿರುತ್ತೆ. ಊಹಿಸಿಯೇ ಹಿಡೀಬೇಕು." ಕನ್ನಡಕ ಒರೆಸುತ್ತ ಮುಂದುವರಿಸಿದರು. "ಆವತ್ತು ಮಧ್ಯಾಹ್ನ ಬಂದು, 'ಅಪ್ಪಾ, ಈ ಸಲ ಏನಿಟ್ಟಿದೀನಿ ಕೇಳಿದ್ರೆ ಬಿದ್ದು ಬಿದ್ದು ನಗ್ತೀಯ' ಅಂದ್ಲು. ನಾನು, 'ಬಾಯಿ ಮುಚ್ಚೇ, ಪಾಸ್‌ವರ್ಡ್ ಯಾರಿಗೂ ಹೇಳಬಾರದು, ಅಪ್ಪನಿಗೂ' ಅಂದೆ. ನಗ್ತಾ ಹೋದ್ಲು. ಆ ಸಂಜೆನೇ."

ಅಂದಿನಿಂದ ದಿನವೂ ಊಹಿಸುತ್ತಿದ್ದರಂತೆ: ಅವಳ ಬೆಕ್ಕಿನ ಹೆಸರು, ತಾಯಿಯನ್ನು ಕರೆಯುತ್ತಿದ್ದ ರೀತಿ, ತಮ್ಮದೇ ಅಡ್ಡಹೆಸರು. ನಾಳೆ ತಪಾಸಣೆ ತಂಡ ಬಂದು ಸತ್ತವರ ಖಾತೆಗಳನ್ನೆಲ್ಲ ತೆಗೆಸಲಿತ್ತು. ಅದಕ್ಕೇ ಈ ಮುಂಜಾನೆ ಯಂತ್ರದ ಕೈಲೇ ಊಹೆ ಮಾಡಿಸಿದ್ದರು.

"ಸಿಕ್ತಾ?" ಇನ್‌ಸ್ಪೆಕ್ಟರ್ ಕೇಳಿದರು. ತನಿಖೆಗೆ ಆ ಪ್ರಶ್ನೆ ಬೇಕಿರಲಿಲ್ಲ.

"ಇಲ್ಲ." ಆಮೇಲೆ, "ಆ ತಾಯಿಗೆ ಮಗು ಯಾವುದು ಸಾರ್?"

"ಹೆಣ್ಣು," ಎಂದಳು ಪೇದೆ.

ಬೀಗದಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಲಾಗ್ ಮುದ್ರಿಸಿ, ಕಂಪ್ಯೂಟರಿಗೆ ಮೊಹರು ಹಾಕಿ ಪಂಚನಾಮೆ ಮುಗಿಸಿದರು. ಸಂಜೆ ಬಂಧನ ದಾಖಲಾಯಿತು. ಕಾರಣದ ಅಂಕಣದಲ್ಲಿ ಇನ್‌ಸ್ಪೆಕ್ಟರ್ ಬರೆದದ್ದು ಒಂದೇ ಸಾಲು: ಮಗಳು ಕೊನೆಗೆ ಇಟ್ಟ ಪದ ತಿಳಿಯಲು.

ಮರುದಿನ ತಪಾಸಣೆ ತಂಡ ಬಂತು. ಮೊದಲು ಅಳಿಸಿದ್ದು ಆ ಖಾತೆಯನ್ನು.