ಗುಡಾರದ ಮುಂದೆ ಅಳದವನು

ಕುದುರೆಯ ಗೊರಸಿನ ಸದ್ದು ಕೇಳಿತು. ಅಳು ಮಾತ್ರ ಕೇಳಲಿಲ್ಲ!

ಗುಡಾರದೊಳಗೆ ಗೋಡೆಗೆ ಮುಖ ಮಾಡಿ ಶೋಕದ ಹಾಡು ಹೇಳುತ್ತಿದ್ದ ಅನಾರ್‌ಕುಲ್‌ಳ ದನಿ ಅಲ್ಲಿಗೇ ನಿಂತಿತು. ಅಲಾಯ್ ಕಣಿವೆಯಲ್ಲಿ ಸಾವಿನ ಮನೆಗೆ ಬರುವ ಗಂಡಸು ದೂರದಿಂದಲೇ ಗೋಳಾಡುತ್ತಾ ಬರಬೇಕು. ಕೂಗದವನಿಗೆ ಸತ್ತವರ ಮೇಲೆ ಪ್ರೀತಿಯಿಲ್ಲವೆಂದೇ ಲೆಕ್ಕ.

ಬಂದವನು ಸಪಾರ್. ತೀರಿಕೊಂಡವಳು ಬುರ್ಮಕಾನ್ ಎಜೆ, ಊರಿಗೆಲ್ಲ ಹಿರಿಯಕ್ಕ. ಅನಾರ್‌ಕುಲ್, ಸಪಾರ್ ಇಬ್ಬರಿಗೂ ಒದ್ದೆ ಉಣ್ಣೆ ಉರುಳಿಸಿ ಕಂಬಳಿ ಮಾಡುವ ಕೆಲಸ ಕಲಿಸಿದ ಗುರು. ತಬ್ಬಲಿ ಸಪಾರನನ್ನು ಸಾಕಿದವಳೂ ಅವಳೇ.

"ಅವನ ಕುದುರೆಯಾದ್ರೂ ಒಂದ್ಸಲ ಕೆನೀತು ಕಣೇ, ಇವನು ಅದೂ ಇಲ್ಲ!" ಪಕ್ಕದಲ್ಲಿ ಕೂತಿದ್ದ ತುರ್ಸುನ್ ಅಜ್ಜಿ ಮೂಗು ಮುರಿದಳು.

ಇಂಥವನನ್ನಾ ನಾನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದು...?

ಮಣ್ಣಾಯಿತು. ಜನ ಚದುರಿದರು. ಸಪಾರ್ ತೊರೆಯಲ್ಲಿ ಬಕೆಟ್ ತುಂಬುತ್ತಿದ್ದಾಗ ಅನಾರ್‌ಕುಲ್ ಹಿಂದೆ ಬಂದು ನಿಂತಳು.

"ಮೊಣಕೈ ಕೆಂಪಾಗೋವರೆಗೂ ಎಜೆ ನಮಗೆ ಉಣ್ಣೆ ಉರುಳಿಸೋದು ಕಲಿಸಿದ್ಲು. ತನ್ನ ಪಾಲಿನ ರೊಟ್ಟಿ ನಿನಗೆ ಕೊಡ್ತಿದ್ಲು. ಅವಳಿಗೋಸ್ಕರ ಒಂದು ಕೂಗು ಹೊರಡಲಿಲ್ವಾ ನಿನಗೆ?"

ಅವನು ತುಂಬಿದ ಬಕೆಟ್ ಎತ್ತಿಕೊಂಡು ಹೊರಟ.

"ಮಾತಾಡು! ನಮ್ಮಮ್ಮ ಬೇರೆ ಕಡೆ ನನ್ನ ಮದುವೆಗೆ ಮಾತು ಕೊಡೋಕೆ ಕಾಯ್ತಿದ್ದಾಳೆ. ಇವತ್ತೇ ಹೂಂ ಅಂತೀನಿ!"

ಬಕೆಟ್ ಕೈ ಜಾರಿ ಉರುಳಿತು.

"ಎಜೆನೇ ಬೇಡ ಅಂದಿದ್ರು..." ಅವನ ದನಿ ಒಡೆದಿತ್ತು. "ನಮ್ಮವ್ವ ಸತ್ತ ದಿನ ನನ್ನನ್ನ ಕುದುರೆ ಮೇಲೆ ಕೂರಿಸ್ಕೊಂಡು ಬಂದೋರು ಅವರೇ. ದಾರಿಯುದ್ದಕ್ಕೂ ಗಂಟಲು ಹರಿಯೋ ಹಾಗೆ ಕೂಗಿದ್ನಂತೆ. ಮೊನ್ನೆ ನಾನು ಹುಲ್ಲುಗಾವಲಿಗೆ ಹೊರಟಾಗ ಕೈ ಹಿಡ್ಕೊಂಡ್ರು. 'ಮಗಾ, ಆ ಕೂಗು ಇನ್ನೂ ನನ್ನ ಕಿವೀಲಿದೆ. ನಾನು ಹೋಗುವಾಗ ಅದು ಬೇಡ. ಸುಮ್ಮನೆ ಕಳಿಸ್ಕೊಡು' ಅಂದ್ರು. ಊರು ಬೈಯುತ್ತೆ ಅಂತ ಗೊತ್ತಿತ್ತು ಅನಾರ್... ತುಟಿ ಕಚ್ಕೊಂಡೆ."

ಅವನ ಕೆಳದುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಅವಳು ಅದನ್ನು ನೋಡಿದ್ದು ಈಗ!

ಕೋಪವೆಲ್ಲ ಕರಗಿ ಕಣ್ಣಲ್ಲಿ ಇಳಿಯಿತು. ತಲೆವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಆ ತುಟಿಗೆ ಒತ್ತಿದಳು.

"ಎಜೆನ ಕಳಿಸಿಕೊಟ್ಟಾಯ್ತಲ್ಲ ಸಪಾರ್. ಇಲ್ಲಿರೋದು ನಾನೊಬ್ಬಳೇ... ಅತ್ತುಬಿಡು."

ಅವನು ಅವಳ ಭುಜಕ್ಕೆ ಹಣೆಯಿಟ್ಟ. "ಅವ್ವಾ..." ಮೊದಲು ಉಸಿರಷ್ಟೇ. ಆಮೇಲೆ ಕಣಿವೆ ತುಂಬುವ ಕೂಗು! ಅವಳು ಕದಲದೆ ನಿಂತಿದ್ದಳು.

ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು, ಬಕೆಟ್ಟನ್ನು ಮತ್ತೆ ತುಂಬಿಸಿ ಹಿಡಿದ.

"ಎಜೆಯ ವರ್ಷದ ಊಟ ಹಾಕೋವರೆಗೂ ನಾನು ಮದುವೆ ಮಾತು ಎತ್ತೋ ಹಾಗಿಲ್ಲ. ಅಲ್ಲೀವರೆಗೂ ನಿಮ್ಮಮ್ಮ ಕಾಯ್ತಾರಾ?"

"ಅಮ್ಮನ ವಿಷಯ ಗೊತ್ತಿಲ್ಲ..." ಅವಳು ಬಕೆಟ್ಟಿನ ಇನ್ನೊಂದು ಕಡೆ ಹಿಡಿದಳು. "ನಾನು ಕಾಯ್ತೀನಿ."