ಟ್ರಂಪೆಟ್ ಹುಡುಗಿ ಮತ್ತು ಕಂಬ

ಛಟೀರ್!

ಅವಳು ಕೊಟ್ಟ ಏಟಿಗೆ ಅವನ ಕನ್ನಡಕ ಹಾರಿ ಗೋಡೆಗೆ ಬಡಿಯಿತು.

"ನಮ್ಮ ಮಾವನ ಮೇಲೇ ಕೈ ಮಾಡ್ತೀಯಾ? ಎಷ್ಟು ಧೈರ್ಯ ನಿನಗೆ!"

ಅವಳ ಸೋದರಮಾವನ ಜಾಝ್ ಬ್ಯಾಂಡಿಗೆ ಸೇರಲು ಅಂದೇ ಬಂದಿದ್ದ ಯುವಕ ಕೆನ್ನೆ ಹಿಡಿದು ನಿಂತ. ಅವನ ಕಾಲಬುಡದಲ್ಲಿ ಎರಡು ತುಂಡಾದ ಬೆತ್ತ. ಒಂದು ಸ್ವರ ತಪ್ಪಿದ್ದಕ್ಕೆ ಮಾವ ಅವಳ ಬೆನ್ನಿಗೆ ಬಾರಿಸುತ್ತಿದ್ದ. ಮೂರನೆಯ ಏಟು ಬೀಳುವ ಮೊದಲೇ ಇವನು ಮಾವನನ್ನು ತಳ್ಳಿ, ಬೆತ್ತ ಕಿತ್ತು ಮುರಿದಿದ್ದ.

"ರಕ್ತ ಬರ್ತಿದೆ ಕಣ್ರೀ... ನಿಮ್ಮ ಬೆನ್ನಲ್ಲಿ," ಎಂದ ಮೆಲ್ಲಗೆ.

"ಬರ್ಲಿ! ನಿನಗೇನು?"

ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು. ಸೋದರಮಾವ ಮನೆಗೆ ಕರೆತಂದು, ಕೈಗೆ ಟ್ರಂಪೆಟ್ ಕೊಟ್ಟು, ತುಟಿ ಒಡೆಯುವವರೆಗೆ ಊದಿಸಿದ. ಇಪ್ಪತ್ತೆರಡಕ್ಕೆ ಜಾಝ್ ಕೇಳುವವರ ಬಾಯಲ್ಲೆಲ್ಲ ಅವಳದೇ ಮಾತು. 'ಆ ಏಟು ತಿಂದಿದ್ದಕ್ಕೇ ನಾನು ಈ ಮಟ್ಟಕ್ಕೆ ಬಂದೆ...' ಅವಳು ಹಾಗೆಂದೇ ನಂಬಿದ್ದಳು.

ಮಾವ ಹಲ್ಲು ಕಚ್ಚಿಕೊಂಡು ಅವನನ್ನು ಉಳಿಸಿಕೊಂಡ. ಅಷ್ಟು ಚೆನ್ನಾಗಿ ಡಬಲ್ ಬೇಸ್ ನುಡಿಸುವವರು ಬೇರೆ ಸಿಕ್ಕಿರಲಿಲ್ಲ. ಆಳೆತ್ತರದ ಆ ತಂತಿವಾದ್ಯಕ್ಕಿಂತ ಅವನೇ ಉದ್ದ. ಅವಳು 'ಕಂಬ' ಎಂದು ಹೆಸರಿಟ್ಟಳು.

ಬರೆದಿಟ್ಟದ್ದನ್ನು ಬಿಟ್ಟು, ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವಾಗ ಮಾತ್ರ ಅವಳ ಉಸಿರು ಕಟ್ಟುತ್ತಿತ್ತು. ತಪ್ಪಿದರೆ?

"ತಪ್ಪಲಿ ಬಿಡ್ರೀ. ನೀವು ಎಲ್ಲಿ ಬೀಳ್ತೀರೋ ಅಲ್ಲಿಗೆ ನಾನು ಬರ್ತೀನಿ," ಎಂದ ಕಂಬ.

ಬಂದೇ ಬಂದ. ಅವಳ ತಪ್ಪಿದ ಸ್ವರದ ಕೆಳಗೆ ತನ್ನದೊಂದು ಸ್ವರ ಹಿಡಿದು, ತಪ್ಪನ್ನೇ ಚೆಂದ ಮಾಡಿದ. ಅವಳು ಟ್ರಂಪೆಟ್ ಇಳಿಸಿ ನಕ್ಕುಬಿಟ್ಟಳು!

ಮೆಲ್ಲಗೆ ಅವನ ಮಾತಿನ 'ರೀ' ಹೋಗಿ 'ನೀನು' ಬಂತು. ಒಂದೇ ಷರತ್ತು ಹಾಕಿದಳು. "ಮಾವನ ಬಗ್ಗೆ ಕೆಟ್ಟ ಮಾತಾಡಿದ್ರೆ ನಿನ್ನ ಮುಖ ನೋಡಲ್ಲ."

ದೊಡ್ಡ ಸ್ಪರ್ಧೆಯ ದಿನ ಕಂಬ ಬರಲೇ ಇಲ್ಲ.

"ಬೇರೆ ಬ್ಯಾಂಡಿನವರು ಕರೆದ್ರಂತೆ, ಓಡಿಹೋದ," ಎಂದ ಮಾವ.

ಫೋನ್ ಮಾಡಿದಳು. ಎತ್ತಲಿಲ್ಲ. 'ಮೋಸಗಾರ!' ಕೋಪವನ್ನೆಲ್ಲ ಟ್ರಂಪೆಟ್ಟಿಗೆ ಸುರಿದು ಗೆದ್ದಳು.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಅತ್ತೆ ಅಳುತ್ತಿದ್ದಳು.

"ಅವನು ಓಡಿಹೋಗಿಲ್ಲ ಕಣೇ. ನಿನ್ನೆ ಇಲ್ಲಿಗೆ ಬಂದು, ನಿನ್ನನ್ನ ಮದುವೆ ಮಾಡಿಕೊಡಿ ಅಂತ ಕೇಳಿದ. ನಿಮ್ಮ ಮಾವ ಅವನ ಕೈಯನ್ನ ಬಾಗಿಲ ಸಂದಿಗೆ ಒತ್ತಿ ಹಿಡಿದು... ಎರಡು ಸಲ ಬಾಗಿಲು ಬಡಿದ್ರು. ಆ ಮೂಳೆ ಮುರಿದ ಸದ್ದು..."

ಅವಳು ಟ್ರಂಪೆಟ್ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಹೌದು, ನಾನೇ ಮುರಿದೆ!" ಬಾಗಿಲಲ್ಲಿ ಮಾವ, ಕೈಯಲ್ಲಿ ಹೊಸ ಬೆತ್ತ. "ನಿನ್ನನ್ನ ಮಾಡಿದ್ದು ನಾನು. ಯಾವನಿಗೋ ಬಿಟ್ಟುಕೊಡ್ಲಾ?"

ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಅವಳು ಅವನ ಮಣಿಕಟ್ಟು ಹಿಡಿದು ತಿರುಚಿದಳು. ಬೆತ್ತ ಬಿತ್ತು. ಮಾವನ ಇನ್ನೊಂದು ಕೈಯ ಮುಷ್ಟಿ ನೇರ ಬಾಯಿಗೇ ಬಂತು. ಟ್ರಂಪೆಟ್ಟಿನವಳ ತುಟಿ ಸೀಳಿ ರಕ್ತ ಚಿಮ್ಮಿತು. ಅವಳು ಹಿಡಿತ ಬಿಡಲಿಲ್ಲ.

"ಇಷ್ಟು ದಿನ ಇದನ್ನೇ ಪ್ರೀತಿ ಅಂದ್ಕೊಂಡಿದ್ದೆ, ಮಾವ. ಸಾಕು."

ಅವನನ್ನು ತಳ್ಳಿ, ಟ್ರಂಪೆಟ್ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು.

ಕಂಬನ ಕೋಣೆ ನಾಲ್ಕನೆಯ ಮಹಡಿಯಲ್ಲಿ. ಎಡಗೈ ಪೂರ್ತಿ ಪ್ಲಾಸ್ಟರ್. ಬಾಗಿಲು ತೆರೆದವನೇ ಬೆಚ್ಚಿಬಿದ್ದ.

"ಅಯ್ಯೋ, ತುಟಿಗೆ ಏನಾಯ್ತು?"

"ನೀನು ಯಾಕೆ ಹೇಳ್ಲಿಲ್ಲ?"

"ಮಾವನ ಬಗ್ಗೆ ಹೇಳಿದ್ರೆ ನನ್ನ ಮುಖ ನೋಡಲ್ಲ ಅಂತ ನೀನೇ ಅಂದಿದ್ದೆ..."

ಅವಳು ಬಿಕ್ಕಿದಳು. ಅವನು ತಲೆ ತಗ್ಗಿಸಿದ.

"ಎರಡು ಬೆರಳು ಇನ್ನು ಮಡಚೋದಿಲ್ಲವಂತೆ. ಬೇಸ್‌ಗೆ ಬೇರೆಯವರನ್ನ ನೋಡ್ಕೋ."

"ನೋಡ್ಕೋತೀನಿ. ನಿನ್ನೆ ನಮ್ಮನೆಗೆ ಬಂದು ಏನೋ ಕೇಳಿದ್ಯಂತೆ? ಅದನ್ನ ನನ್ನನ್ನಲ್ವಾ ಕೇಳ್ಬೇಕಾಗಿದ್ದು?"

ಅವನು ತಲೆಯೆತ್ತಿದ. "ನನ್ನ... ಮದುವೆ ಆಗ್ತೀಯಾ?"

"ಮೊದಲು ಅತ್ತೆಗೊಂದು ಕುರ್ಚಿ ಕೊಡು. ನಾಲ್ಕು ಮಹಡಿ ಹತ್ತಿ ಬಂದಿದಾರೆ."

ಅವನು ಒಂದೇ ಕೈಯಲ್ಲಿ ಕುರ್ಚಿ ಎಳೆದ. ಅವಳು ಇನ್ನೊಂದು ಬದಿ ಹಿಡಿದಳು. ಬಗ್ಗಿದಾಗ ಅವನ ಕಿವಿ ಹತ್ತಿರ ಸಿಕ್ಕಿತು.

"ಆಗ್ತೀನಿ ಕಣೋ..."